ಒಂದೇ ಪುಸ್ತಕದ ಜಾಗ

ಟಿಕ್ ಎಂದಿತು, ಅಷ್ಟೇ. ಲೋಹಕ್ಕೆ ಲೋಹ ಕೂತ ಸದ್ದು. ಅವಳು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಗಂಡ ಇರಲಿಲ್ಲ. ಬಾಗಿಲ ಅಡಿಯಿಂದ ನಡುಮನೆಯ ಬೆಳಕು ಗೆರೆಯಾಗಿ ಒಳಗೆ ಬಂದಿತ್ತು. ಎದ್ದು ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಪುಸ್ತಕ ತೆಗೆದು ನೋಡುತ್ತಿದ್ದಾನೆ, ಇನ್ನೇನಿರುತ್ತದೆ. ನಾಳೆ ಅದನ್ನು ಒಯ್ಯಲು ಸಂಗ್ರಹಾಲಯದವನು ಬರುತ್ತಾನಲ್ಲ.

ಬೆಳಿಗ್ಗೆ ಅದು ಮೇಜಿನ ಮೇಲಿತ್ತು. ಯುದ್ಧದಲ್ಲಿ ವಿಮಾನ ಹಾರಿಸಿದ ಪೈಲಟ್ ಒಬ್ಬ ಬರೆದ ದಪ್ಪ ಪುಸ್ತಕ. ಮೊದಲ ಪುಟದಲ್ಲಿ ಅವನ ಸಹಿ. ಮನೆಗೆ ಯಾರೇ ಬರಲಿ, ಗಂಡ ಷೋಕೇಸಿನಿಂದ ಅದನ್ನು ತೆಗೆದು ತೋರಿಸುತ್ತಿದ್ದ. "ಇವಳು ಬಿಸಿಲಲ್ಲಿ ಕ್ಯೂ ನಿಂತು ತಂದಿದ್ದು." ಆ ಮಾತು ಶುರುವಾದರೆ ಸಾಕು, ಅವಳು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಕ್ಯೂ ನಿಂತದ್ದು ನಿಜ. ಮದುವೆಯಾದ ಹೊಸತು. ವಿಮಾನದ ಮೆಕ್ಯಾನಿಕ್ ಆದ ಗಂಡನಿಗೆ ಅಂದು ರಜೆ ಸಿಕ್ಕಿರಲಿಲ್ಲ, ಸಹಿ ಹಾಕಿಸಿ ತರಲು ಅವಳನ್ನು ಕಳಿಸಿದ್ದ. ಸಾಲುದ್ದದ ತಲೆಗಳ ನಡುವೆ ಪೈಲಟ್‌ನ ಟೋಪಿ ಮಾತ್ರ ಕಂಡಿತ್ತು. ಅವಳ ಸರದಿ ಬರುವ ಮೊದಲೇ ಆತ ಎದ್ದು ಹೊರಟುಹೋದ. ಬರಿಗೈಲಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಹೊದಿಕೆಯ ಹಿಂಬದಿ ಅಚ್ಚಾಗಿದ್ದ ಸಹಿಯನ್ನು ನೋಡಿಕೊಂಡು, ತನ್ನ ನೀಲಿ ಮಸಿಯ ಪೆನ್ನಿನಿಂದ ತಾನೇ ಬರೆದಳು. ಪೆನ್ನು ಎತ್ತುವಾಗ ಪಕ್ಕದಲ್ಲಿ ಮಸಿಯ ಒಂದು ಹನಿ ಬಿತ್ತು. ಅಂದಿನಿಂದ ಆ ಪುಟ ತೆರೆದು ನೋಡಿದವಳಲ್ಲ.

ಬೇರೆಯವನ ಹೆಂಡತಿಯಾಗಿದ್ದರೆ ನಕ್ಕು ಹೇಳಿಬಿಡುತ್ತಿದ್ದಳೇನೋ. ಇವನು ತಾನೇ ಬಿಗಿಯದ ನಟ್ಟಿಗೆ ಕೆಲಸದ ದಾಖಲೆಯಲ್ಲಿ ಎಂದೂ ಸಹಿ ಹಾಕಿದವನಲ್ಲ. ಜೊತೆಗಾರನೊಬ್ಬ ಇನ್ನೊಬ್ಬನ ಕೆಲಸಕ್ಕೆ ಸಹಿ ಮಾಡಿದನೆಂದು ಅವನೊಂದಿಗೆ ಮಾತು ಬಿಟ್ಟವನು, ಕೊನೆಯವರೆಗೂ ಆಡಲಿಲ್ಲ. ಮರುವರ್ಷ ಆ ಪೈಲಟ್ ಗಂಡ ವಿಮಾನ ರಿಪೇರಿ ಮಾಡುವ ಹ್ಯಾಂಗರಿಗೇ ಬಂದಿದ್ದ. ಅಂದು ರಾತ್ರಿ ಗಂಡ ತಡವಾಗಿ ಬಂದು, ಪೈಲಟ್‌ನ ಮಾತೆತ್ತದೆ ಊಟ ಮಾಡಿ ಮಲಗಿದ. ಏನಾಯಿತೆಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಈಗ ಮನೆ ಖಾಲಿಯಾಗುತ್ತಿತ್ತು. ಗಂಡನ ಮಂಡಿಗೆ ಮೂರನೇ ಮಹಡಿ ಆಗುತ್ತಿರಲಿಲ್ಲ. ನಾದಿನಿಯ ಮನೆಯ ಕೆಳಗಿನ ಎರಡು ಕೋಣೆಗೆ ಹೋಗುವುದೆಂದಾಗಿತ್ತು. ಅಲ್ಲಿ ಷೋಕೇಸು ಹಿಡಿಯುವುದಿಲ್ಲ.

"ಅತ್ತಿಗೆ, ಬೇಕಾದ್ರೆ ಅಣ್ಣನ್ನ ಇಲ್ಲೇ ಬಿಟ್ಟು ಬನ್ನಿ," ಎಂದು ನಾದಿನಿ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಹೇಳಿದಳು. "ಆ ಟೂಲ್ ಟ್ರಂಕ್ ಮಾತ್ರ ತರಬೇಡಿ. ಅಲ್ಲಿ ಯಾವ ವಿಮಾನ ಬಂದು ಇಳಿಯುತ್ತೆ?"

"ಟ್ರಂಕ್ ಇಲ್ಲ ಅಂದ್ರೆ ನಾನೂ ಇಲ್ಲ," ಎಂದ ಗಂಡ.

ಸಾಮಾನೆಲ್ಲ ಕೊಡುವಾಗ ತುಟಿ ಪಿಟಕ್ಕೆನ್ನದ ಅವಳು ಆಗ ಬಾಯಿ ತೆರೆದಳು. "ರೀ, ಪುಸ್ತಕ ಕೊಡೋದು ಬೇಡ. ಒಂದು ಪುಸ್ತಕ ಎಷ್ಟು ಜಾಗ ಹಿಡಿಯುತ್ತೆ?"

ಗಂಡ ಅವಳನ್ನೇ ನೋಡಿದ. "ಇಷ್ಟು ವರ್ಷ ಧೂಳು ಒರೆಸೋಕೂ ಮುಟ್ಟಲಿಲ್ಲ. ಈಗೇನು ಇದರ ಮೇಲೆ ಪ್ರೀತಿ?"

"ನಿಮಗೆ ಇಷ್ಟ ಅಂತ."

"ನಂಗೆ ಬೇಕಾದ್ದನ್ನ ಇಟ್ಕೊಂಡಿದೀನಿ, ಬಿಡು."

ಎಂಜಿನ್ನಿನ ಕೈಪಿಡಿ ಇರಬೇಕು ಎಂದುಕೊಂಡಳು. ಪುಸ್ತಕ ಹೋದರೆ ಸಿಕ್ಕಿಬೀಳುತ್ತಾಳೆ. ಹೋಗಬಾರದೆಂದು ಹಟ ಹಿಡಿದರೂ ಸಿಕ್ಕಿಬೀಳುತ್ತಾಳೆ. ಕದ್ದು ಎಸೆಯೋಣವೆಂದರೆ ಅದು ಗಂಡನ ಕಣ್ಣೆದುರೇ ಇತ್ತು.

ಸಂಗ್ರಹಾಲಯದವನು ಬಂದ. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಭೂತಗನ್ನಡಿ. ಹೊದಿಕೆಯನ್ನು ತಿರುಗಿಸಿ ಅಚ್ಚಾದ ಸಹಿಯ ಮೇಲೆ ಬೆರಳಿಟ್ಟ.

"ಇದು ಯುದ್ಧಕ್ಕೆ ಮುಂಚಿನ ಸಹಿ ಅಮ್ಮ. ಆಮೇಲೆ ಅವರ ಬಲಗೈ ಸುಟ್ಟುಹೋಯ್ತು, ಎಡಗೈಲಿ ಬರೀತಿದ್ರು. ನಕಲಿ ಮಾಡೋರು ಇದನ್ನ ನೋಡಿ ಬರೀತಾರೆ, ಅಲ್ಲೇ ಸಿಕ್ಕಿಬೀಳ್ತಾರೆ."

ಅವಳು ಒಳಗೆ ಹೋಗಲು ತಿರುಗಿದಳು. ನೀರು ತರಲು ಹೋಗೋಣವೆಂದರೆ ಲೋಟಗಳೆಲ್ಲ ಕಟ್ಟಿಯಾಗಿತ್ತು. ಅಡುಗೆಮನೆಯ ದಾರಿಗೆ ಪೆಟ್ಟಿಗೆಗಳು ಅಡ್ಡ. ಗಂಡ ಕಿಟಕಿಯಾಚೆ ನೋಡುತ್ತಿದ್ದ.

ಆತ ಮೊದಲ ಪುಟ ತೆರೆದ. ಬಗ್ಗಿದ. ತುಂಬ ಹೊತ್ತು ಬಗ್ಗಿಯೇ ಇದ್ದ.

"ಇದು ಎಡಗೈದೇ," ಎಂದ. "ಕೈ ತಾಗಿ ಮಸಿ ಒರೆಸಿಹೋಗಿದೆ ನೋಡಿ. ಅಸಲಿ."

ಅವಳು ನೋಡಿದಳು. ಕಪ್ಪು ಮಸಿ. ಹಿಂದಕ್ಕೆ ವಾಲಿದ ಅಕ್ಷರಗಳು. ಪಕ್ಕದಲ್ಲಿ ಹನಿಯ ಕಲೆ ಇರಲಿಲ್ಲ.

ಗಂಡ ಪುಸ್ತಕವನ್ನು ಅವನ ಕೈಗಿತ್ತು, ಒಮ್ಮೆಯೂ ತಿರುಗಿ ನೋಡದೆ, ಕಳಿಸಿಬರಲು ಮೆಟ್ಟಿಲಿಳಿದ. ನಾದಿನಿ ಲಾರಿಯವನನ್ನು ಗದರಿಸಲು ಆಗಲೇ ಕೆಳಗೆ ಹೋಗಿದ್ದಳು.

ಕೋಣೆಯಲ್ಲಿ ಅವಳೂ ಟ್ರಂಕೂ ಉಳಿದರು. ಯಾವಾಗಲೂ ಬೀಗ ಹಾಕಿರುತ್ತಿದ್ದ ಟ್ರಂಕು. ಹೊರಡುವ ಮುಂಚೆ ಹತ್ಯಾರುಗಳನ್ನು ಕೊನೆಯ ಬಾರಿ ಸರಿನೋಡುವುದು ಗಂಡನ ಅಭ್ಯಾಸ. ಅದಕ್ಕಾಗಿ ಬೀಗ ತೆಗೆದಿಟ್ಟಿದ್ದ. ಅವಳು ಚಿಲಕ ಎತ್ತಿದಳು. ಟಿಕ್ ಎಂದಿತು.

ಒಳಗೆ ಸ್ಪಂಜಿನ ಹಾಸು. ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುಂಡಿ. ಒಂದು ಕಾಣೆಯಾದರೂ ಖಾಲಿ ಗುಂಡಿ ಎದ್ದು ಕಾಣಬೇಕು, ಹಾಗೆ. ಮೇಲಿನ ತಟ್ಟೆ ಎತ್ತಿದಳು. ಕೆಳಗಿನ ಹಾಸಿನ ನಟ್ಟನಡುವೆ ಚೌಕನೆಯ ದೊಡ್ಡ ಗುಂಡಿ ಕೊರೆದಿತ್ತು. ಅದರ ಅಂಚುಗಳು ಎಷ್ಟೋ ವರ್ಷ ತೆಗೆದು ಇಟ್ಟು ಸವೆದಿದ್ದವು. ಅದರಲ್ಲಿ ಅಳತೆಗೆ ಸರಿಯಾಗಿ ಕೂತಿತ್ತು ಅದೇ ಪುಸ್ತಕದ ಇನ್ನೊಂದು ಪ್ರತಿ.

ತೆರೆದಳು. ನೀಲಿ ಮಸಿ. ಪಕ್ಕದಲ್ಲಿ ಹನಿ. ಪೈಲಟ್ ಹ್ಯಾಂಗರಿಗೆ ಬಂದ ದಿನ ಗಂಡ ತಡವಾಗಿ ಬಂದದ್ದು ನೆನಪಾಯಿತು.

ಮೆಟ್ಟಿಲ ಮೇಲೆ ಗಂಡನ ಕುಂಟು ಹೆಜ್ಜೆ ಕೇಳಿಸಿತು. ಪುಸ್ತಕ ಗುಂಡಿಗೆ, ತಟ್ಟೆ ಅದರ ಮೇಲೆ, ಮುಚ್ಚಳ ಕೆಳಗೆ.

"ಏನು ನೋಡ್ತಿದ್ದೆ?"

"ಎಲ್ಲಾ ಇದೆಯಾ ಅಂತ."

"ಇದೆಯಾ?"

"ಇದೆ ರೀ."

ಅವನು ತಲೆಯಾಡಿಸಿ ಹಗ್ಗ ಹುಡುಕಲು ಹೋದ. ಇದನ್ನು ಯಾರಿಗೂ ಹೇಳುವುದಿಲ್ಲ, ಅವನಿಗಂತೂ ಎಂದೆಂದಿಗೂ ಇಲ್ಲ ಎಂದು ತೀರ್ಮಾನಿಸಿ, ಅವಳು ಸದ್ದಾಗದಂತೆ ಚಿಲಕ ಒತ್ತಿದಳು.