ಮೂರು ಸಲ ಕರೆದರೆ

ಕೆಸರಿನ ಮೇಲೆ ಟಾರ್ಚ್ ಹಿಡಿದು, ಹೆಜ್ಜೆಗಳೆಲ್ಲ ಹೈವೇ ಕಡೆಗೇ ಹೋಗಿವೆ ಎಂದು ಪೊಲೀಸಿನವನು ತೋರಿಸಿದಾಗ ನಂದಾ ಓಡಿಬಂದು ಅವನ ಪಕ್ಕ ನಿಂತಳು. ಕಾಣೆಯಾದ ಏಳು ವರ್ಷದ ಮಗುವಿನ ಪುಟ್ಟ ಹೆಜ್ಜೆಗಳು. ಇನ್ನೂ ಕಟ್ಟಿ ಮುಗಿಯದ ಟೌನ್‌ಹೌಸುಗಳ ಕಡೆ ಹಿಮ್ಮಡಿ, ರಸ್ತೆಯ ಕಡೆ ಮುಂಗಾಲು ಮಾಡಿಕೊಂಡು ಸಾಲಾಗಿ ಬಂದು ಕಾಂಪ್ಲೆಕ್ಸಿನ ಗೇಟಿನ ಸಿಮೆಂಟು ಮುಟ್ಟಿ ಮಾಯವಾಗಿದ್ದವು. ಅದರಾಚೆ ಹೈವೇ ಟೂ ನಾಟ್ ಸಿಕ್ಸ್‌ನಲ್ಲಿ ದೀಪ ಹೊತ್ತಿಸಿಕೊಂಡ ಟ್ರಕ್ಕುಗಳು ಒಂದರ ಹಿಂದೊಂದು ಓಡುತ್ತಿದ್ದವು.

"ನಾ ಎಣಿಸಿಕೋತನ ಇದ್ದೆ ತಂಗಿ," ಎಂದ ಪಕ್ಕದ ಮನೆಯ ನಾಗಲಿಂಗಪ್ಪ. ವೇಷ ಹಾಕಿ ಮನೆಮನೆಗೆ ಕ್ಯಾಂಡಿ ಕೇಳುವ ಟ್ರಿಕ್ ಆರ್ ಟ್ರೀಟ್‌ಗೆಂದು ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿದ್ದವನು ಅವನೇ. "ಎಲ್ಲಾ ಮಾರಿ ಮುಚ್ಚಿಕೊಂಡಾವು. ಮಾಟಗಾತೇರು ಅದಾರ, ಕುಂಬಳಕಾಯಿ ಐತಿ, ನಮ್ಮ ದೆವ್ವ ಎಲ್ಲಿ ಉಳೀತು ತಿಳೀಲೇ ಇಲ್ಲ. ನಿಮ್ಮಕ್ಕ ಮಾಲಾಗ ಫೋನ್ ಹಚ್ಚೀನಿ. ಬಸ್ ಇಳದಾಳ, ಬರಾಕತ್ತಾಳ."

ನಮ್ಮ ದೆವ್ವ. ಕ್ಲಾಸಿನವರೆಲ್ಲ ಅಂಗಡಿಯ ಟೋಪಿ ಕೊಂಡು ಮಾಟಗಾತಿಯರಾಗುವಾಗ, ಯಾರ ಹತ್ತಿರವೂ ಇಲ್ಲದ ದೆವ್ವ ತನಗೆ ಬೇಕೆಂದು ಅಕ್ಷತಾ ಹಟ ಹಿಡಿದಿದ್ದಳು. ಅಕ್ಕ ಮಾಲಾ ಡಾಟ್‌ಕಾಮ್ ಕಂಪನಿಗೆ ದುಡಿಯಲು ಹೋದಾಗ ಅವಳ ಮಗಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದ ನಂದಾಗೆ, ಈ ದೇಶದಲ್ಲಿ ಬಾಯಿಬಿಟ್ಟು ಮಾತಾಡಲು ಇದ್ದವಳು ಆ ಮಗು ಒಬ್ಬಳೇ. "ದೆವ್ವದ ಕಥೆ ಮಾತ್ರ ಬೇಡ ಕಣೇ, ಆಮೇಲೆ ಒಬ್ಬಳೇ ಮಲಗಲ್ಲ ಅಂತಾಳೆ," ಎಂದು ಮಾಲಾ ಬಂದ ದಿನವೇ ಹೇಳಿಯೂ ಇದ್ದಳು. ಆದರೂ ಊಟ ಮಾಡಿಸುವಾಗ ತುತ್ತಿಗಿಷ್ಟರಂತೆ ಕಥೆ ಹೊರಬಿದ್ದಿತ್ತು. ದೆವ್ವಕ್ಕೆ ಪಾದ ಹಿಂದುಮುಂದು. ಗೊತ್ತಿರುವವರ ದನಿಯಲ್ಲೇ ಕರೆಯುತ್ತದೆ. ಆದರೆ ಮೂರು ಸಲ ಕರೆಯಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಮೂರನೆಯ ಕೂಗಿನ ತನಕ ಓಗೊಡಬಾರದು. ಕೇಳಿದ ಮಗು ಕಣ್ಣರಳಿಸಿ, ಇದೇ ಆಗ್ತೀನಿ ಎಂದಿತ್ತು. ನಂದಾ ತನ್ನ ಬಿಳಿ ವಾಯಿಲ್ ಸೀರೆ ಕತ್ತರಿಸಿ ಉಡಿಸಿದಳು, ಮುಖಕ್ಕೆ ಪೌಡರು ಮೆತ್ತಿದಳು. ಊರಿನಿಂದ ತಂದ ಹವಾಯಿ ಚಪ್ಪಲಿಯನ್ನು ಪುಟ್ಟ ಪಾದದಳತೆಗೆ ಕೊಯ್ದು, ಶೂಗಳ ಅಡಿಗೆ ಹಿಂದುಮುಂದಾಗಿ ಅಂಟಿಸಿದಳು.

ಈಗ ಬಗ್ಗಿ ನೋಡಿದರೆ ಕೆಸರಿನಲ್ಲಿ ಅದೇ ಹವಾಯಿ ಚಪ್ಪಲಿಯ ಚೌಕುಳಿ ಅಚ್ಚು. ಮಗು ಹೈವೇ ಕಡೆ ಹೋಗಿಲ್ಲ. ಗೇಟಿನಿಂದ ಒಳಗೆ, ಪಾಯ ತೋಡಿದ ಗುಂಡಿಗಳ ಕಡೆ ಹೋಗಿದೆ.

"ಅಂಕಲ್, ಹೆಜ್ಜೆ ಉಲ್ಟಾ ಇದೆ. ಅವಳು ಆ ಕಡೆ ಹೋಗಿದಾಳೆ."

"ಉಲ್ಟಾ ಅಂದ್ರ?"

"ದೆವ್ವದ ಕಾಲು ಅಂಕಲ್. ನಾನೇ ಅಂಟಿಸಿದ್ದು."

ನಾಗಲಿಂಗಪ್ಪ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ನೀ ಒಂದೀಟು ಕುಂಡ್ರು ತಂಗಿ. ಇವ್ರ ಮುಂದ ದೆವ್ವ ಗಿವ್ವ ಅನಬ್ಯಾಡ," ಎಂದವನೇ ರಸ್ತೆಯತ್ತ ಓಡಿದ.

ಉಳಿದವನು ಪೊಲೀಸಿನವನು. ನಂದಾ ಮನಸ್ಸಿನಲ್ಲಿ ಜೋಡಿಸಿಕೊಂಡ ಇಂಗ್ಲಿಷ್ ವಾಕ್ಯ ಹಲ್ಲಿನ ಹಿಂದೆಯೇ ಮುರಿದುಬಿತ್ತು. "ಸರ್, ಶೀ ಈಸ್ ಘೋಸ್ಟ್. ಫೀಟ್... ಬ್ಯಾಕ್‌ಸೈಡ್." ಅವನು ಮೆಲ್ಲಗೆ, "ಪ್ಲೀಸ್ ಸ್ಟೇ ಹಿಯರ್, ಮ್ಯಾಮ್," ಎಂದು ಹೆಗಲ ಮೇಲಿನ ವೈರ್‌ಲೆಸ್‌ಗೆ ಏನೋ ಹೇಳುತ್ತ ಅವನೂ ರಸ್ತೆಗೇ ಹೋದ.

ನಂದಾ ಹೆಜ್ಜೆಗಳಿಗೆ ಎದುರಾಗಿ ನಡೆದಳು. ಒಂದೊಂದು ಹೆಜ್ಜೆಯೂ ತನ್ನತ್ತಲೇ ಬಂದು, ತನ್ನನ್ನು ದಾಟಿ ಹೈವೇಗೆ ಹೋಗುತ್ತಿರುವಂತೆ ಕಂಡಿತು. ಅಂಟು ಬಿಟ್ಟುಹೋಗಿ ಮಗುವೇ ಚಪ್ಪಲಿ ತಿರುಗಿಸಿ ಕಟ್ಟಿಕೊಂಡಿದ್ದರೆ? ತಾನು ಇಲ್ಲಿ ಹುಡುಕುವಾಗ ಅವಳು ಅಲ್ಲಿ, ಆ ಚಕ್ರಗಳ ಹತ್ತಿರ ನಿಂತಿದ್ದರೆ? ಕಾಲು ನಿಂತವು, ಮತ್ತೆ ನಡೆದವು. ಕೊನೆಯ ಮರದ ಚೌಕಟ್ಟಿನ ಬಳಿ ಹೆಜ್ಜೆಗಳು ಮುಗಿದವು. ಕೆಳಗೆ ಗುಂಡಿ, ಗುಂಡಿಯಲ್ಲಿ ನಿನ್ನೆಯ ಮಳೆಯ ನೀರು.

"ಅಕ್ಷೂ."

ಪ್ಲಾಸ್ಟಿಕ್ ಹಾಳೆಯೊಂದು ಗಾಳಿಗೆ ಪಟಪಟ ಬಡಿದುಕೊಂಡಿತು. ಅಷ್ಟೇ.

"ಅಕ್ಷೂ, ಚಿಕ್ಕಮ್ಮ ಕಣೇ."

ಇಲ್ಲ. ಇನ್ನೊಂದು ಸಲ ಕರೆಯಲು ಅವಳಿಗೆ ಧೈರ್ಯವಾಗಲಿಲ್ಲ. ಅದಕ್ಕೂ ಉತ್ತರ ಬಾರದಿದ್ದರೆ ಆಮೇಲೆ ಕರೆಯಲು ಏನೂ ಉಳಿಯುವುದಿಲ್ಲ. ಕಣ್ಣು ಮುಚ್ಚಿ, ದನಿಯೇ ಇಲ್ಲದ ದನಿಯಲ್ಲಿ ಕರೆದಳು. "ಅಕ್ಷೂ."

"ಹಾಂ, ಚಿಕ್ಕಮ್ಮ," ಎಂಬ ಉತ್ತರ ಅವಳ ಕಾಲಬುಡದಿಂದಲೇ ಬಂತು.

ಗುಂಡಿಯೊಳಗೆ ಗೋಡೆಗೆ ಒತ್ತಿಕೊಂಡು, ಸಿಮೆಂಟು ಇಟ್ಟಿಗೆಗಳ ಮೇಲೆ, ಸೀರೆಯನ್ನೂ ಕ್ಯಾಂಡಿ ಚೀಲವನ್ನೂ ನೀರಿಗೆ ತಾಕದಂತೆ ಎತ್ತಿ ಹಿಡಿದು ಮಗು ನಿಂತಿತ್ತು. ನಂದಾ ಕೆಸರಿನಲ್ಲಿ ಬೋರಲು ಬಿದ್ದು, ರಟ್ಟೆ ಹಿಡಿದು ಮೇಲೆಳೆದು, ಎದೆಗೆ ಅವಚಿಕೊಂಡಳು.

"ಮೊದಲೇ ಓ ಅನ್ನೋದಕ್ಕೇನಾಗಿತ್ತೇ ನಿಂಗೆ?"

"ಯೂ ಸೆಡ್ ತ್ರೀ ಟೈಮ್ಸ್."

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮಾಲಾಳ ದನಿ, ಹರಿದ ಬಟ್ಟೆಯಂತೆ ಬಂತು. "ಅಕ್ಷೂ..." ಇಲ್ಲಿದೀವಿ ಎನ್ನಲು ನಂದಾ ಬಾಯಿ ತೆರೆದಳು. ಕೆಸರು ಮೆತ್ತಿದ ಪುಟ್ಟ ಅಂಗೈಯೊಂದು ಅದನ್ನು ಗಟ್ಟಿಯಾಗಿ ಮುಚ್ಚಿತು.

"ವೇಯ್ಟ್, ಚಿಕ್ಕಮ್ಮ," ಎಂದು ಪಿಸುಗುಟ್ಟಿದ ಅಕ್ಷತಾ ಒಂದು ಬೆರಳೆತ್ತಿ ತೋರಿಸಿದಳು. "ದಟ್ಸ್ ಓನ್ಲಿ ಒನ್."

ದನಿ ಮತ್ತೆ ಬಂತು, ಈ ಸಲ ಇನ್ನೂ ದೂರದಿಂದ, ಟ್ರಕ್ಕುಗಳ ಸದ್ದಿನ ಅಂಚಿನಿಂದ. ಮಗು ಎರಡನೆಯ ಬೆರಳು ಬಿಡಿಸಿತು.