ಎಣಿಕೆ ಮುಗಿಯುವ ತನಕ

"ಎಣಿಸ್ತಾ ಇದೆ," ಎಂದ ಮುದುಕ ಪೆನಿತಾಲ. ಕಾಲು ಗಂಟೆಯಲ್ಲಿ ಅವನು ಹಾಗೆ ಹೇಳಿದ್ದು ಇದು ನಾಲ್ಕನೆಯ ಸಲ.

ಸಭಾಮನೆಯ ಹಳೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ ವಲಿಸಿ ಪಕ್ಕದಲ್ಲೇ ನಿಂತಿದ್ದಳು. ದ್ವೀಪದ ಹಾಡುಗಳೆಲ್ಲ ಇದ್ದದ್ದು ಆ ಕಂಪ್ಯೂಟರೊಂದರಲ್ಲೇ. ಅವಳ ತಾಯಿ ಕಟ್ಟಿ ಹಾಡಿದ ಹಾಡೂ ಅಲ್ಲಿತ್ತು, ಅದರಲ್ಲಿ ವಲಿಸಿಯ ಹೆಸರೂ ಬರುತ್ತಿತ್ತಂತೆ. ತಾಯಿ ಸತ್ತಾಗ ಅವಳಿಗೆ ಮೂರು ವರ್ಷ. ಫಿಜಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳಿಗೆ ಆ ದನಿ ಹೇಗಿತ್ತೆಂದೇ ತಿಳಿಯದು. ತಾಯಿಯ ಜೊತೆ ಹಾಡಿದ, ಅವಳದೇ ಕೆಳಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಬೆಳಿಗ್ಗೆ ಹಡಗಿನಿಂದ ಇಳಿದವಳು ತಾಯಿಯ ಗೋರಿಗೆ ಬಿಳಿ ಹವಳದ ಕಲ್ಲು ಹಾಸಿ ಬಂದಿದ್ದಳು. ಅದೇ ಹಡಗಿನಲ್ಲಿ ಹೊರಟರೆ ಮುಂದೆ ಮೆಲ್ಬರ್ನ್. ಮತ್ತೆ ಬರುವ ಮಾತಿಲ್ಲ.

"ಏನನ್ನ ಎಣಿಸ್ತಿದೆ ಮಾಮ? ನನಗೆ ಬೇಕಾದ್ದು ಒಂದೇ ಹಾಡು."

ಪೆನಿತಾಲ ಕತ್ತು ತುರಿಸಿಕೊಂಡ. ಹೇಳಲು ನಾಚಿಕೆಯಾಯಿತು. ಆ ದ್ವೀಪದ ಮೇಲಕೇರಿ ಕೆಳಕೇರಿಗಳು ಮೀನು ಹಿಡಿಯುವುದರಲ್ಲಿ, ಚಾಪೆ ಹೆಣೆಯುವುದರಲ್ಲಿ, ಕೊನೆಗೆ ದೇವರ ಪ್ರಾರ್ಥನೆಯಲ್ಲೂ ಪೈಪೋಟಿಗೆ ಬೀಳುತ್ತಿದ್ದವು. ಹಾಡುಗಳನ್ನು ಕಂಪ್ಯೂಟರಿಗೆ ತುಂಬಿಸಿದಾಗಲೂ ಎರಡು ಕೇರಿಗೆ ಎರಡು ಫೋಲ್ಡರ್ ಆದವು. ಯಾರದು ಹೆಚ್ಚು ಎಂಬ ಜಗಳ ಹತ್ತಿತು. ಮೇಲಕೇರಿಯ ಪೆನಿತಾಲನೇ ಶಾಲೆಯ ಮೇಷ್ಟರನ್ನು ಪೀಡಿಸಿ, ಫೋಲ್ಡರನ್ನು ಮುಟ್ಟಿದ ಕೂಡಲೇ ಪಕ್ಕದಲ್ಲಿ ಅದರೊಳಗಿನದೆಲ್ಲದರ ಒಟ್ಟು ಅಂಕಿ ಕಾಣುವ ಹಾಗೆ ಮಾಡಿಸಿದ್ದ. ಹಬ್ಬದ ದಿನ ಊರೆಲ್ಲ ನೆರೆದು ಆ ಅಂಕಿ ನೋಡಿ ಕೇಕೆ ಹಾಕುತ್ತಿತ್ತು. ಈಗ ಹಾಡು, ಫೋಟೊ, ಚೂರುಪಾರು ಎಲ್ಲ ಸೇರಿ ಸಾವಿರಾರು ಕಡತಗಳಾಗಿದ್ದವು. ಮುಟ್ಟಿದಾಗಲೆಲ್ಲ ಆ ಮುದಿ ಯಂತ್ರ ಮೊದಲಿನಿಂದ ಎಣಿಸುತ್ತಿತ್ತು. ಎಣಿಸಿ ಮುಗಿಯುವ ತನಕ ಒಂದು ಹಾಡೂ ತೆರೆಯುತ್ತಿರಲಿಲ್ಲ. ಅದನ್ನು ನಿಲ್ಲಿಸುವುದು ಗೊತ್ತಿದ್ದ ಮೇಷ್ಟರು ವರ್ಗವಾಗಿ ಹೋಗಿದ್ದರು.

"ಮುಚ್ಚಿ ಮತ್ತೆ ತೆಗೀರಿ," ಎಂದಳು ವಲಿಸಿ.

"ಮೂರು ಸಲ ಮಾಡಿದೆ ಮಗಳೇ. ಮತ್ತೆ ಒಂದರಿಂದಾನೇ ಶುರು ಮಾಡುತ್ತೆ."

ಅವಳನ್ನು ಹಡಗಿಗೆ ಮುಟ್ಟಿಸಬೇಕಾದ ದೋಣಿಯ ತಾವಿತಾ ಬಾಗಿಲಲ್ಲಿ ಕಾಣಿಸಿಕೊಂಡ. "ನೀರು ಇಳೀತಾ ಇದೆ ಕಣಮ್ಮಾ! ಇನ್ನು ಹತ್ತು ನಿಮಿಷ ಆದ್ರೆ ಬಂಡೆ ಮೇಲೆ ದೋಣಿ ಹೊತ್ಕೊಂಡೇ ಹೋಗ್ಬೇಕು. ಮಾಮನ್ನ ನಂಬ್ಕೊಂಡು ಕೂತ್ರೆ ಹಡಗು ಕಾಯುತ್ತಾ?"

"ಬಂದೆ, ಬಂದೆ," ಎಂದಳು. ಆದರೆ ಕಾಲು ಕದಲಲಿಲ್ಲ. ಪರದೆಯ ಮೇಲೆ ಅಂಕಿ ಏರುತ್ತಿತ್ತು. ಏರುತ್ತ ಏರುತ್ತ ಒಮ್ಮೆಲೇ ನಿಂತಿತು. ಪೆಟ್ಟಿಗೆಯೊಳಗೆ ಟಕ್ ಟಕ್ ಎಂದು ಏನೋ ಬಡಿದುಕೊಂಡಿತು, ಪರದೆ ಕಪ್ಪಾಯಿತು. ಪೆನಿತಾಲ ಗುಂಡಿ ಒತ್ತಿದ, ತಂತಿ ಕಿತ್ತು ಮತ್ತೆ ಸಿಕ್ಕಿಸಿದ, ಪೆಟ್ಟಿಗೆಯ ನೆತ್ತಿಗೆ ತಟ್ಟಿದ. ಹಾಡುಗಳ ಡಿಸ್ಕ್ ಕಾಣುತ್ತಿಲ್ಲ ಎಂಬ ಒಂದು ಸಾಲು ಬಂತು. ಎಷ್ಟು ಸಲ ಮಾಡಿದರೂ ಅದೊಂದೇ ಸಾಲು. ಮಾಡಿದ್ದುಣ್ಣೋ ಮಹಾರಾಯ ಎಂದು ಅವನ ಮನಸ್ಸೇ ಹಳಿಯಿತು. ಆದರೆ ಇಲ್ಲಿ ಮಾಡಿದವನು ಅವನು, ಉಣ್ಣುವವಳು ಈ ಹುಡುಗಿ. ಎರಡೂ ಕೇರಿಯ ಅಜ್ಜ ಅಜ್ಜಿಯರ ದನಿಗಳು ಅದರ ಜೊತೆಗೇ ಹೋಗಿದ್ದವು, ಆದರೆ ಆ ಗಳಿಗೆಯಲ್ಲಿ ಅವನಿಗೆ ಅದು ಹೊಳೆಯಲೂ ಇಲ್ಲ. ಅವನು ವಲಿಸಿಯ ಮುಖ ನೋಡಲಾರದೆ ನೆಲ ನೋಡಿದ.

ವಲಿಸಿ ಅಳಲಿಲ್ಲ. ಫೋನ್ ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು.

"ನೀವೇ ಹಾಡಿ ಮಾಮ. ಅಮ್ಮ ಹಾಡಿದಾಗ ಎದುರಿಗೇ ಕೂತು ಕೇಳಿದ್ರಂತಲ್ಲ."

ಪೆನಿತಾಲ ಗಂಟಲು ಸರಿಮಾಡಿಕೊಂಡ. ರಾಗ ತಾನಾಗಿ ಬಂತು. ಮುದಿ ದನಿಯಾದರೂ ಒಂದೆಳೆ ತಪ್ಪಲಿಲ್ಲ. ವಲಿಸಿಯ ಕಣ್ಣು ಅರಳಿತು. ಮರುಕ್ಷಣ ಮಾತು ಬಂತು: ಕೆಳಕೇರಿಯ ಕೋಳಿ ಕೂಗುತ್ತಿದೆ, ಹರಿದ ಚಾಪೆಯ ಮೇಲೆ ಕೂತು ರಾಣಿಯಾಗುತ್ತಿದೆ...

ಅವನು ಅಲ್ಲೇ ನಿಲ್ಲಿಸಿದ.

"ಇದು ಅಮ್ಮ ಹಾಡಿದ್ದಾ?"

"ಅಲ್ಲ ಮಗಳೇ. ರಾಗ ಅವಳದೇ. ಮಾತು ನಿಮ್ಮಮ್ಮನ್ನ ಅಣಕಿಸೋಕೆ ನಾವು ಮೇಲಕೇರಿಯವರು ಕಟ್ಟಿದ್ದು." ತಾವಿತಾ ಹೊರಗಿನಿಂದ ಕೂಗುತ್ತಲೇ ಇದ್ದ. ಪೆನಿತಾಲ ಮುಂದುವರಿಸಿದ: "ಅವಳು ಹಾಡ್ತಿದ್ದಾಗ ನಾವು ನಗ್ತಾ ಇದ್ವಿ. ಅವಳ ಮಾತು ಏನಿತ್ತು ಅಂತ ಒಬ್ಬರೂ ಕೇಳಿಸ್ಕೊಳ್ಳಲಿಲ್ಲ."