ಬಿಟ್ಟ ಹಾಳಿ

ಕಾದಂಬರಿ ಓದಿ ಹೇಳುತ್ತಿದ್ದ ನಜಮಾ ಎರಡು ಹಾಳಿ ಕೂಡಿಸಿ ಮಗಚಿದ್ದನ್ನು ಸಖೂಬಾಯಿ ನೋಡಿಬಿಟ್ಟಳು. ಜ್ವಾಳ ಹಸನು ಮಾಡುತ್ತಿದ್ದ ಅವಳ ಕೈ ಮೊರದಲ್ಲೇ ನಿಂತಿತು. "ಲೇ ನಜಮಾ, ಬಿಟ್ಟಿದ್ದನ್ನ ಓದು."

ಎಪ್ಪತ್ನಾಲ್ಕರ ಬ್ಯಾಸಗಿ. ಜೋರಾಪುರ ಪೇಟೆಯ ಆ ಅಂಗಳದಲ್ಲಿ ಮಧ್ಯಾಹ್ನ ಹೆಂಗಸರು ಜ್ವಾಳ ಹಸನು ಮಾಡಲು ಕೂತರೆ, ಓದು ಬಲ್ಲ ನಜಮಾಗೆ ಮಾತ್ರ ಕೆಲಸ ಮಾಫಿ; ಅವಳು ಎಲ್ಲರಿಗೂ ಕೇಳುವಂತೆ ಓದಿದರೆ ಸಾಕು. ಈ ಕಾದಂಬರಿಯನ್ನು ಸ್ಟೇಷನ್ ರಸ್ತೆಯ ವಾಚನಾಲಯದಿಂದ ಅವಳೇ ಆರಿಸಿ ತಂದಿದ್ದಳು, "ನಾ ಒಮ್ಮೆ ಓದೀನಿ, ಭಾಳ ಛಲೋ ಐತಿ" ಎಂದು. ಕಥೆಯಲ್ಲಿ ಕೂಸು ಸಾಯುತ್ತದೆಂಬುದು ಆ ಹಾಳಿ ಬಂದಾಗಲೇ ಅವಳಿಗೆ ನೆನಪಾದದ್ದು. ಹೋದ ವರ್ಷ ಸಖೂಬಾಯಿಯ ಸಣ್ಣ ಮಗಳು ಅಂಬೂ ಜ್ವರ ಬಂದು ತೀರಿಕೊಂಡಿದ್ದಳು.

"ಏನೂ ಇಲ್ಲಕ್ಕಾ, ಬರೇ ಊರಿನ ವರ್ಣನಾ ಐತಿ."

"ವರ್ಣನಾ ಇದ್ರ ನಿನ್ನ ಮಾರಿ ಯಾಕ ಹಂಗಾತು?"

"ಓದಾಕ ಬರದಿದ್ರೂ ಹಾಳಿ ಕಾಯಾಕ ಪೊಲೀಸ ಕೂತಂಗ ಕೂತಾಳ ನೋಡ್ರಿ," ಎಂದು ನೆರೆಮನೆಯ ಇಮಾಮಬಿ ನಗಿಸಲು ನೋಡಿದಳು. ಸಖೂಬಾಯಿ ನಗದೆ ಎಲ್ಲರ ಕಡೆ ತಿರುಗಿದಳು.

"ವರ್ಷಾತು, ನಮ್ಮ ಅಂಬೂನ ಹೆಸರ ನನ್ನ ಮುಂದ ಯಾರೂ ಎತ್ತಂಗಿಲ್ಲ. ನಾ ಬಂದ್ರ ಮಾತ ನಿಲ್ಲಸ್ತೀರಿ. ಕಥಿಯಾಗಿನ ಜಡ್ಡಿನ ಕೂಸ ಉಳೀಲಿಲ್ಲಂತ ನಜಮಾನ ಮಾರಿನ ಹೇಳಾಕತ್ತೈತಿ. ಈ ತಾಯಿ ಕೂಸ ಕಳಕೊಂಡು ಮರುದಿನ ಹೆಂಗ ಎದ್ದಳು, ನಾ ಕೇಳಬೇಕು. ಓದು."

ನಜಮಾ ಹಿಂದಕ್ಕೆ ಮಗಚಿ ಓದತೊಡಗಿದಳು. ನಾಲ್ಕು ಸಾಲಿಗೇ ಅವಳ ದನಿ ಒಡೆಯಿತು. ಸಖೂಬಾಯಿ ಮೊರ ಬದಿಗಿಟ್ಟು, ಮುಂದಕ್ಕೆ ಸರಿದು, ಅವಳ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಳು.

"ಅಳಬ್ಯಾಡ ಬೇ, ನನಗ ನೆಟ್ಟಗ ಕೇಳಸವಲ್ದು."